ಟಿ-ಮೊಬೈಲ್ ಪಾರ್ಕ್, ಸಿಯಾಟಲ್: ಮೈದಾನಕ್ಕೆ ಐದು ತಾರೆ, ತಂಡಕ್ಕೆ ಇನ್ನೊಂದು ವರ್ಷ

ಸಿಯಾಟಲ್ ನಗರದ ಬೇಸ್‌ಬಾಲ್ ಮೈದಾನವಾದ ಟಿ-ಮೊಬೈಲ್ ಪಾರ್ಕಿನಲ್ಲಿ, ಮೊದಲ ಬೇಸಿನ ಬದಿಯ ಮೇಲಂತಸ್ತಿನಲ್ಲಿ, ನನ್ನ ಹೆಸರಿಗೆ ಒಂದು ಆಸನವಿದೆ. ಪೂರ್ತಿ ನನ್ನದೆಂದು ಹೇಳಿಕೊಳ್ಳುವಂತಿಲ್ಲ. ತವರಿನಲ್ಲಿ ನಡೆಯುವ 81 ಪಂದ್ಯಗಳ ಪೈಕಿ ಇಪ್ಪತ್ತಕ್ಕೆ ಮಾತ್ರ ಅದರ ಮೇಲೆ ನನ್ನ ಹಕ್ಕು, ಉಳಿದ ದಿನಗಳಲ್ಲಿ ಅಲ್ಲಿ ಯಾರು ಕೂರುತ್ತಾರೋ ನನಗೆ ತಿಳಿಯದು. 2012ರಲ್ಲಿ ಮೊದಲ ಸಲ ಕೊಂಡ ಈ ಕಾಲು ಭಾಗದ ಸೀಸನ್ ಟಿಕೆಟ್ಟನ್ನು ಅಲ್ಲಿಂದೀಚೆಗೆ ನವೀಕರಿಸುತ್ತಲೇ ಬಂದಿದ್ದೇನೆ. ನವೀಕರಣದ ಪತ್ರ ಬಂದಾಗಲೆಲ್ಲ ಇನ್ನು ಸಾಕು ಎಂದುಕೊಳ್ಳುವುದು, ಫೆಬ್ರವರಿಯಲ್ಲಿ ಅರಿಜೋನಾದ ಪಿಯೋರಿಯಾದಿಂದ ಅಭ್ಯಾಸ ಶಿಬಿರದ ಮೊದಲ ಚಿತ್ರಗಳು ಬರುವ ಹೊತ್ತಿಗೆ ಹಣ ಕಟ್ಟಿ ಮುಗಿಸಿರುವುದು, ಇದು ನನ್ನ ಪ್ರತಿ ಚಳಿಗಾಲದ ವಾಡಿಕೆ.

ವಿಮರ್ಶೆ ಬರೆಯಲು ಕೂತಾಗ ಎದುರಾದ ಮೊದಲ ತೊಡಕೆಂದರೆ, ಇಷ್ಟು ವರ್ಷ ಹಣ ಕೊಟ್ಟು ನಾನು ಕೊಂಡದ್ದಾದರೂ ಏನನ್ನು ಎಂಬುದು. ಟಿಕೆಟ್ಟಿನ ಮೇಲೆ ಮೈದಾನದ ಹೆಸರೂ ಇದೆ, ಸಿಯಾಟಲ್ ಮರೀನರ್ಸ್ ಎಂಬ ತಂಡದ ಹೆಸರೂ ಇದೆ. ಎರಡನ್ನೂ ಬೇರೆ ಬೇರೆಯಾಗಿ ತೂಗಿದರೆ ತಕ್ಕಡಿ ಪ್ರತಿ ಸಲವೂ ಒಂದೇ ಕಡೆಗೆ ವಾಲುತ್ತದೆ. ಅಮೆರಿಕದ ಪ್ರಮುಖ ಲೀಗಿನಲ್ಲಿರುವ 30 ತಂಡಗಳಲ್ಲಿ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯನ್ನು ಒಮ್ಮೆಯೂ ಆಡದಿರುವ ತಂಡ ಒಂದೇ ಒಂದು, ಅದು ನಮ್ಮದು. ಗೆಲ್ಲುವ ಮಾತು ಹಾಗಿರಲಿ, ಆ ಅಂಗಳಕ್ಕೆ ಕಾಲನ್ನೇ ಇಟ್ಟಿಲ್ಲ. ‘ಈ ಸಲ ಕಪ್ ನಮ್ದೇ’ ಎಂದು ಹದಿನೆಂಟು ವರ್ಷ ಕೂಗಿದವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ; ಆದರೆ ಅವರ ತಂಡ ಆ ಅವಧಿಯಲ್ಲಿ ಫೈನಲನ್ನಾದರೂ ಮೂರು ಸಲ ಆಡಿತ್ತು. ನಮ್ಮ ಕಾಯುವಿಕೆ ತಂಡ ಹುಟ್ಟಿದ 1977ರಿಂದ ನಡೆದಿದೆ.

ಮೊದಲು ಮೈದಾನದ ಗುಣ ಹೇಳುತ್ತೇನೆ, ಏಕೆಂದರೆ ಅದರಲ್ಲಿ ನನಗೆ ತಕರಾರು ಕಡಿಮೆ. ಲಘು ರೈಲಿನಲ್ಲಿ ಬಂದು ಸ್ಟೇಡಿಯಂ ನಿಲ್ದಾಣದಲ್ಲಿ ಇಳಿದರೆ ಕೆಲವೇ ನಿಮಿಷಗಳ ನಡಿಗೆ. ಹೊರಗೆ ತಂಡದ ಹಳೆಯ ತಾರೆಗಳಾದ ಕೆನ್ ಗ್ರಿಫಿ ಜೂನಿಯರ್ ಮತ್ತು ಎಡ್ಗರ್ ಮಾರ್ಟಿನೆಜ್ ಅವರ ಕಂಚಿನ ಪ್ರತಿಮೆಗಳಿವೆ. ಒಳಗೆ, ಮೂರು ದಶಕಕ್ಕೂ ಮೀರಿ ಈ ತಂಡದ ವೀಕ್ಷಕ ವಿವರಣೆ ನೀಡಿ 2010ರಲ್ಲಿ ತೀರಿಕೊಂಡ ಡೇವ್ ನೀಹೌಸ್ ಮೇಜಿನ ಮುಂದೆ ಮೈಕಿನೊಂದಿಗೆ ಕೂತಂತೆ ಒಂದು ಪ್ರತಿಮೆ ಇದೆ, ಅದರ ಪಕ್ಕದಲ್ಲಿ ಕೂತು ಚಿತ್ರ ತೆಗೆಸಿಕೊಳ್ಳುವವರ ಸಾಲು ಸೋತ ದಿನವೂ ಕರಗುವುದಿಲ್ಲ. ಮೇಲಂತಸ್ತಿನ ಮೊದಲ ಬೇಸಿನ ಬದಿಯನ್ನು ನಾನು ಆರಿಸಿಕೊಂಡದ್ದು ಅಗ್ಗವೆಂಬ ಕಾರಣಕ್ಕೆ. ಅಲ್ಲಿಂದ ಎಡ ಮೈದಾನದ ಆಚೆಗೆ ಉತ್ತರದಲ್ಲಿ ನಗರದ ಗಗನಚುಂಬಿಗಳೆಲ್ಲ ಒಟ್ಟಿಗೆ ಕಾಣುತ್ತವೆ ಎಂಬುದು ಕೂತ ಮೇಲೆ ತಿಳಿದ ಲಾಭ. ಜುಲೈ ತಿಂಗಳ ಸಂಜೆ ಒಂಬತ್ತರ ಸುಮಾರಿಗೆ ಆ ಗಾಜಿನ ಗೋಡೆಗಳ ಮೇಲೆ ಬೆಳಕು ಕೆಂಪಾಗಿ ಆರುವುದನ್ನು ನೋಡುತ್ತ ಎಷ್ಟೋ ಸಲ ಆಟದ ಅರ್ಧ ಇನ್ನಿಂಗ್ಸನ್ನೇ ಮರೆತಿದ್ದೇನೆ, ಮತ್ತು ಮರೆತದ್ದಕ್ಕೆ ಮರುಗಿದ ನೆನಪಿಲ್ಲ.

ಛಾವಣಿಯ ಬಗ್ಗೆ ಹೊರಗಿನವರಿಗೆ ಒಂದು ತಪ್ಪು ಕಲ್ಪನೆ ಇರುತ್ತದೆ. ಅದು ಮೈದಾನವನ್ನು ಡಬ್ಬಿಯಂತೆ ಮುಚ್ಚುವುದಿಲ್ಲ, ಕೊಡೆಯಂತೆ ಮೇಲೆ ಹಿಡಿಯುತ್ತದೆ. ಮೂರು ಭಾಗಗಳ ಆ ಬೃಹತ್ ಉಕ್ಕಿನ ಚಪ್ಪರ ಪೂರ್ವದ ರೈಲು ಹಳಿಗಳ ಮೇಲಿನಿಂದ ಹೊರಟು ಹತ್ತಿಪ್ಪತ್ತು ನಿಮಿಷಗಳಲ್ಲಿ ನಮ್ಮ ತಲೆಯ ಮೇಲೆ ಬಂದು ನಿಲ್ಲುತ್ತದೆ. ಬದಿಗಳು ತೆರೆದೇ ಇರುತ್ತವೆ. ಮಳೆ ತಪ್ಪುತ್ತದೆ, ಚಳಿ ತಪ್ಪುವುದಿಲ್ಲ. ಆ ಹಳಿಗಳ ಮೇಲೆ ಸರಕು ರೈಲುಗಳು ಹೊತ್ತುಗೊತ್ತಿಲ್ಲದೆ ಕೂಗುತ್ತ ಹೋಗುತ್ತವೆ, ಎದುರಾಳಿಯ ಪಿಚರ್ ಚೆಂಡೆಸೆಯಲು ಕೈಯೆತ್ತಿದ ಕ್ಷಣದಲ್ಲೇ ಕೂಗಿದರೆ ಜನ ಚಪ್ಪಾಳೆ ತಟ್ಟುತ್ತಾರೆ. ಸಮುದ್ರ ಮಟ್ಟದ ತಂಪಾದ, ಭಾರವಾದ ಗಾಳಿ ಬ್ಯಾಟರ್‌ಗಳಿಗೆ ಶತ್ರು. ಬೇರೆ ಊರಿನಲ್ಲಿ ಬೇಲಿ ದಾಟಿ ಹೋಂ ರನ್ ಆಗಬಹುದಾದ ಚೆಂಡು ಇಲ್ಲಿ ಬೇಲಿಯ ಬಳಿ ಉಸಿರು ಕಳೆದುಕೊಂಡು ಕ್ಷೇತ್ರರಕ್ಷಕನ ಕೈಗೆ ಬೀಳುತ್ತದೆ. 2013ರ ಸೀಸನ್ನಿಗೆ ಬೇಲಿಯನ್ನು ಒಳಗೆ ಸರಿಸಿದರು, ಗಾಳಿಯನ್ನು ಸರಿಸಲಾಗಲಿಲ್ಲ. ಹೀಗಾಗಿ ಇಲ್ಲಿ 2-1, 3-2ರ ಬಿಗಿಯಾದ ಪಂದ್ಯಗಳೇ ಹೆಚ್ಚು. ಬೌಲಿಂಗನ್ನು ಪ್ರೀತಿಸುವವರಿಗೆ ಇದು ಹಬ್ಬ, ಆರು-ಎಂಟರ ಸುರಿಮಳೆ ಬಯಸಿ ಬರುವವರು ಬರಿಗೈಯಲ್ಲಿ ಹಿಂತಿರುಗುತ್ತಾರೆ.

ತಿನಿಸಿನ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ಬೆಳ್ಳುಳ್ಳಿ ಹಾಕಿದ ಆಲೂಗಡ್ಡೆ ಫ್ರೈಸ್ ಚೆನ್ನಾಗಿರುತ್ತದೆ, ಅದರ ವಾಸನೆ ಮರುದಿನದವರೆಗೂ ಬೆರಳಿನಲ್ಲಿ ಉಳಿಯುತ್ತದೆ. ಇಲ್ಲಿನ ವಿಶೇಷವೆಂದರೆ ಮೆಕ್ಸಿಕೋ ಶೈಲಿಯಲ್ಲಿ ಹುರಿದ ಮಿಡತೆ. 2017ರಲ್ಲಿ ಅದಕ್ಕೆ ನೂಕುನುಗ್ಗಲಾದಾಗ ಒಂದು ಪಂದ್ಯಕ್ಕೆ 312 ಪೊಟ್ಟಣ ಮಾತ್ರ ಎಂದು ಮಿತಿ ಹಾಕಿದರು, ಏಕೆಂದರೆ ಎಡ್ಗರ್ ಮಾರ್ಟಿನೆಜ್ ಅವರ ವೃತ್ತಿಜೀವನದ ಬ್ಯಾಟಿಂಗ್ ಸರಾಸರಿ .312. ತಿನ್ನುವ ಧೈರ್ಯ ನನಗಿನ್ನೂ ಬಂದಿಲ್ಲ. ಆದರೆ ಮಿಡತೆಯ ಲೆಕ್ಕದಲ್ಲೂ ಹಳೆಯ ಆಟಗಾರನೊಬ್ಬನ ಸರಾಸರಿಯನ್ನು ನೆನೆಯುವ ಊರು ಇದು ಎಂಬುದು ತಂಡದ ಕಥೆಗೆ ಒಳ್ಳೆಯ ಪೀಠಿಕೆ.

ಆ ಎಡ್ಗರ್ ಇಲ್ಲದಿದ್ದರೆ ಈ ಮೈದಾನವೇ ಇರುತ್ತಿರಲಿಲ್ಲ ಎಂದು ಇಲ್ಲಿನ ಹಿರಿಯರು ಹೇಳುವುದು ಉತ್ಪ್ರೇಕ್ಷೆಯಲ್ಲ. ಸಿಯಾಟಲ್ಲಿಗೆ ಮೊದಲು ಬಂದ ಪೈಲಟ್ಸ್ ಎಂಬ ತಂಡ 1969ರ ಒಂದೇ ಸೀಸನ್ ಆಡಿ ದಿವಾಳಿಯೆದ್ದು ಮಿಲ್ವಾಕಿಗೆ ಹೋಯಿತು. ಬಳಿಕ ಬಂದ ಮರೀನರ್ಸ್ ತಂಡ ಕಿಂಗ್‌ಡೋಮ್ ಎಂಬ ಕಾಂಕ್ರೀಟ್ ಗುಮ್ಮಟದೊಳಗೆ ಆಡುತ್ತಿತ್ತು. 1994ರ ಜುಲೈನಲ್ಲಿ ಅದರ ಮಾಳಿಗೆಯ ಹೆಂಚುಗಳು ಆಸನಗಳ ಮೇಲೆ ಕಳಚಿ ಬಿದ್ದವು. ಹೊಸ ಮೈದಾನ ಕಟ್ಟದಿದ್ದರೆ ತಂಡ ಊರು ಬಿಡುವುದು ಬಹುತೇಕ ಖಚಿತವಾಗಿದ್ದ ಹೊತ್ತು ಅದು. 1995ರ ಆಗಸ್ಟ್ ಆರಂಭದಲ್ಲಿ ಅಗ್ರಸ್ಥಾನಕ್ಕಿಂತ 13 ಪಂದ್ಯ ಹಿಂದಿದ್ದ ತಂಡ ಏಕಾಏಕಿ ಗೆಲ್ಲತೊಡಗಿತು, ಸಮಬಲ ಮುರಿಯಲು ನಡೆದ ಏಕೈಕ ಪಂದ್ಯದಲ್ಲಿ ರ‍್ಯಾಂಡಿ ಜಾನ್ಸನ್ ಎಸೆತಕ್ಕೆ ಕ್ಯಾಲಿಫೋರ್ನಿಯಾ ತಂಡ 9-1ರಲ್ಲಿ ಮಣಿಯಿತು, ಮತ್ತು ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ಮೊದಲೆರಡು ಪಂದ್ಯ ಸೋತರೂ ತವರಿನ ಮೂರನ್ನೂ ಗೆದ್ದಿತು. ಅಕ್ಟೋಬರ್ 8ರ ಐದನೆಯ ಪಂದ್ಯದ ಹನ್ನೊಂದನೆಯ ಇನ್ನಿಂಗ್ಸಿನಲ್ಲಿ 5-4ರ ಹಿನ್ನಡೆಯಲ್ಲಿದ್ದಾಗ ಎಡ್ಗರ್ ಎಡಗೆರೆಯ ಗುಂಟ ಬಾರಿಸಿದ ಒಂದೇ ಹೊಡೆತಕ್ಕೆ ಜೋಯಿ ಕೋರಾ ಮತ್ತು ಗ್ರಿಫಿ ಇಬ್ಬರೂ ಓಟ ಪೂರೈಸಿ ಮನೆ ಸೇರಿದರು. ಆ ಸೆಪ್ಟೆಂಬರಿನಲ್ಲಷ್ಟೇ ಹೊಸ ಮೈದಾನಕ್ಕಾಗಿ ತೆರಿಗೆ ಏರಿಸುವ ಪ್ರಸ್ತಾವವನ್ನು ಕೌಂಟಿಯ ಮತದಾರರು ಅತ್ಯಲ್ಪ ಅಂತರದಲ್ಲಿ ತಳ್ಳಿಹಾಕಿದ್ದರು. ಅಕ್ಟೋಬರಿನ ಆ ಹುಚ್ಚಿನ ನಡುವೆಯೇ ರಾಜ್ಯದ ಶಾಸನಸಭೆ ಬೇರೊಂದು ದಾರಿಯಿಂದ ಹಣ ಹೊಂದಿಸಿತು. 50 ಕೋಟಿ ಡಾಲರ್‌ಗೂ ಮಿಗಿಲಾದ ವೆಚ್ಚದಲ್ಲಿ ಮೈದಾನ ಎದ್ದು 1999ರ ಜುಲೈ 15ರಂದು ತೆರೆಯಿತು.

ಅಂದರೆ 1995ರಲ್ಲಿ ತಂಡ ಮೈದಾನವನ್ನು ಕಟ್ಟಿತು. ನನ್ನ ದೂರೇನೆಂದರೆ, ಅಂದಿನಿಂದ ಮೈದಾನವೇ ತಂಡವನ್ನು ಸಾಕುತ್ತಿದೆ. 2001ರಲ್ಲಿ 116 ಪಂದ್ಯ ಗೆದ್ದು 1906ರ ಶಿಕಾಗೊ ಕಬ್ಸ್ ದಾಖಲೆಯನ್ನು ಸರಿಗಟ್ಟಿದ ತಂಡ, ಪ್ಲೇಆಫ್‌ನಲ್ಲಿ ಯಾಂಕೀಸ್ ಎದುರು ಕುಸಿಯಿತು. ಮರುವರ್ಷ 35 ಲಕ್ಷಕ್ಕೂ ಹೆಚ್ಚು ಜನ ಬಂದರು, ಇಡೀ ಲೀಗಿನಲ್ಲೇ ಅತ್ಯಧಿಕ. ಆ ವರ್ಷವೂ ಅದರ ಮರುವರ್ಷವೂ ತಂಡ 93 ಪಂದ್ಯ ಗೆದ್ದು ಪ್ಲೇಆಫ್‌ನಿಂದ ಹೊರಗುಳಿಯಿತು. ಒಬ್ಬ ಒಳ್ಳೆಯ ಬ್ಯಾಟರ್ ಇದ್ದಿದ್ದರೆ ಸಾಕಿತ್ತು ಎಂಬ ಮಾತನ್ನು ಆಗಿನಿಂದ ಇಲ್ಲಿ ಪ್ರತಿ ಜುಲೈನಲ್ಲೂ ಕೇಳಬಹುದು. ಗೆದ್ದರೂ ಸೋತರೂ ಜನ ಸೂರ್ಯಾಸ್ತ ನೋಡಲು ಬರುತ್ತಾರೆಂದು ಗೊತ್ತಾದ ಮೇಲೆ ಆ ಒಬ್ಬ ಬ್ಯಾಟರನ್ನು ಕೊಳ್ಳುವ ತುರ್ತು ಯಾವ ಮಾಲೀಕನಿಗೆ ಇರುತ್ತದೆ? 2002ರಿಂದ 2021ರವರೆಗೆ, ಇಪ್ಪತ್ತು ಸೀಸನ್‌ಗಳ ಕಾಲ, ಒಮ್ಮೆಯೂ ಪ್ಲೇಆಫ್ ಕಾಣಲಿಲ್ಲ. ಅಮೆರಿಕದ ನಾಲ್ಕು ದೊಡ್ಡ ಕ್ರೀಡೆಗಳಲ್ಲಿ ಆಗ ಅಷ್ಟು ದೀರ್ಘವಾದ ಬರ ಬೇರೆ ಯಾವ ತಂಡಕ್ಕೂ ಇರಲಿಲ್ಲ.

ನಾನು ಟಿಕೆಟ್ ಕೊಂಡ 2012ರ ಜುಲೈನಲ್ಲೇ ಇಚಿರೊ ಸುಜುಕಿಯವರನ್ನು ಯಾಂಕೀಸ್‌ಗೆ ಕೊಟ್ಟುಬಿಟ್ಟರು. 2004ರಲ್ಲಿ ಒಂದೇ ಸೀಸನ್ನಿಗೆ 262 ಹಿಟ್ ಹೊಡೆದು, 1920ರಿಂದ ಅಲುಗದೆ ಇದ್ದ ಜಾರ್ಜ್ ಸಿಸ್ಲರ್ ಅವರ 257ರ ದಾಖಲೆಯನ್ನು ಇದೇ ಮೈದಾನದಲ್ಲಿ ಮುರಿದವರು ಅವರು. 2012ರದೇ ಆಗಸ್ಟ್ 15ರ ಬುಧವಾರ ಮಧ್ಯಾಹ್ನ ನಮ್ಮ ಪಿಚರ್ ಫೆಲಿಕ್ಸ್ ಹರ್ನಾಂಡೆಜ್ ಟ್ಯಾಂಪಾ ಬೇ ವಿರುದ್ಧ ಎದುರಾಳಿಯ 27 ಮಂದಿಯನ್ನೂ ಸಾಲಾಗಿ ಔಟ್ ಮಾಡಿ ಪರಿಪೂರ್ಣ ಪಂದ್ಯ ಎಸೆದರು. ಅಂದಿನ ಟಿಕೆಟ್ ನನ್ನ ಇಪ್ಪತ್ತರಲ್ಲಿ ಸೇರಿತ್ತು. ಕಚೇರಿಯಲ್ಲಿ ಕೆಲಸವಿದೆಯೆಂದು ಅದನ್ನು ಸಹೋದ್ಯೋಗಿಯೊಬ್ಬರಿಗೆ ಕೊಟ್ಟಿದ್ದೆ. ಬೇಸ್‌ಬಾಲ್ ಎಂದರೇನೆಂದು ತಿಳಿಯದ ಅವರು ಮರುದಿನ ಬಂದು, ನಿಮ್ಮ ಎದುರಾಳಿ ತಂಡದವರು ಒಬ್ಬರೂ ಓಡಲೇ ಇಲ್ಲವಲ್ಲ, ಆಟ ಸ್ವಲ್ಪ ನೀರಸವಾಗಿತ್ತು ಎಂದರು. ಹದಿನೈದು ಸೀಸನ್ ಇಲ್ಲೇ ಆಡಿದ ಫೆಲಿಕ್ಸ್‌ಗೆ ಪ್ಲೇಆಫ್‌ನಲ್ಲಿ ಒಂದೇ ಒಂದು ಚೆಂಡು ಎಸೆಯುವ ಭಾಗ್ಯ ದೊರೆಯಲಿಲ್ಲ. ತಂಡದ ಮೇಲಿನ ನನ್ನ ಸಿಟ್ಟುಗಳಲ್ಲಿ ಆರದೇ ಉಳಿದಿರುವುದು ಇದೊಂದೇ.

ಬರ ಮುಗಿದದ್ದು 2022ರ ಸೆಪ್ಟೆಂಬರ್ 30ರ ರಾತ್ರಿ. ಓಕ್‌ಲ್ಯಾಂಡ್ ವಿರುದ್ಧ 1-1, ಒಂಬತ್ತನೆಯ ಇನ್ನಿಂಗ್ಸ್, ಎರಡು ಔಟ್, ಮೂರು ಬಾಲ್ ಎರಡು ಸ್ಟ್ರೈಕ್, ಅಂದರೆ ಇನ್ನೊಂದು ಸ್ಟ್ರೈಕ್ ಬಿದ್ದರೆ ಔಟ್. ಬದಲಿ ಬ್ಯಾಟರ್ ಆಗಿ ಬಂದಿದ್ದ, ವಿಕೆಟ್ ಕೀಪರನಂತೆ ಬ್ಯಾಟರಿನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಕ್ಯಾಲ್ ರಾಲಿ ಚೆಂಡನ್ನು ಬಲ ಮೈದಾನದ ಆಚೆಗೆ ಎತ್ತಿದ. ಆಮೇಲೆ ಟೊರೊಂಟೊದಲ್ಲಿ 8-1ರ ಹಿನ್ನಡೆಯಿಂದ 10-9ಕ್ಕೆ ಗೆದ್ದರು. ಹೀಗೆ ಅಕ್ಟೋಬರ್ 15ರ ಶನಿವಾರ, 2001ರ ನಂತರ ಮೊದಲ ಬಾರಿಗೆ, ನಮ್ಮ ಮೈದಾನದಲ್ಲಿ ಒಂದು ಪ್ಲೇಆಫ್ ಪಂದ್ಯ ನಡೆಯಿತು.

ಆ ದಿನ ನನ್ನ ಪಕ್ಕದ ಆಸನದಲ್ಲಿದ್ದವರು ಪ್ರತಿ ಪಂದ್ಯದಲ್ಲೂ ಕಾಗದದ ಸ್ಕೋರ್ ಪಟ್ಟಿಯನ್ನು ಪೆನ್ಸಿಲಿನಲ್ಲಿ ತುಂಬುವ ಒಬ್ಬ ವೃದ್ಧರು. ಹ್ಯೂಸ್ಟನ್ ಆಸ್ಟ್ರೋಸ್ ವಿರುದ್ಧ ಮಧ್ಯಾಹ್ನ ಒಂದಕ್ಕೆ ಶುರುವಾದ ಆಟ ಒಂಬತ್ತು ಇನ್ನಿಂಗ್ಸ್ ಮುಗಿದರೂ 0-0. ಅವರ ಪಟ್ಟಿಯಲ್ಲಿ ಹತ್ತು ಕಂಬಸಾಲುಗಳಿದ್ದವು. ಹನ್ನೊಂದಕ್ಕೆ ಅಂಚಿನಲ್ಲಿ ಗೆರೆ ಎಳೆದುಕೊಂಡರು. ಹದಿಮೂರಕ್ಕೆ ಅಂಚೂ ಮುಗಿದು, ನನ್ನಿಂದ ಫ್ರೈಸಿನ ಕಾಗದದ ತಟ್ಟೆಯನ್ನು ಕೇಳಿ ಪಡೆದು ಅದರ ಹಿಂಬದಿಯಲ್ಲಿ ಚೌಕ ಹಾಕತೊಡಗಿದರು. ಏಳನೆಯ ಇನ್ನಿಂಗ್ಸಿನ ನಡುವೆ ಎಲ್ಲರೂ ಎದ್ದು ನಿಂತು ಹಾಡುವ ಸಂಪ್ರದಾಯವನ್ನು ಹದಿನಾಲ್ಕರಲ್ಲಿ ಮತ್ತೊಮ್ಮೆ ನೆರವೇರಿಸಿದೆವು, ಆ ಹೊತ್ತಿಗೆ ಗಂಟಲು ಯಾರಿಗೂ ಉಳಿದಿರಲಿಲ್ಲ. ಎಣ್ಣೆ ಹತ್ತಿದ ಕಾಗದದ ಮೇಲೆ ಪೆನ್ಸಿಲ್ ಹಿಡಿಯುತ್ತಿರಲಿಲ್ಲ, ಅವರು ಒತ್ತಿ ಒತ್ತಿ ಬರೆಯುತ್ತಿದ್ದರು. ಹದಿನೆಂಟನೆಯ ಇನ್ನಿಂಗ್ಸಿನಲ್ಲಿ ಆಸ್ಟ್ರೋಸಿನ ಜೆರಮಿ ಪೆನ್ಯ ಹೋಂ ರನ್ ಹೊಡೆದ. 1-0. ಆರು ಗಂಟೆ ಇಪ್ಪತ್ತೆರಡು ನಿಮಿಷ. ವೃದ್ಧರು ಕೊನೆಯ ಔಟನ್ನೂ ದಾಖಲಿಸಿ, ತಟ್ಟೆಯನ್ನು ಎರಡಾಗಿ ಮಡಿಸಿ ಕೋಟಿನ ಒಳಜೇಬಿಗೆ ಸೇರಿಸಿಕೊಂಡು, ಏಪ್ರಿಲಿನಲ್ಲಿ ಸಿಗೋಣ ಎಂದು ಹೇಳಿ ಮೆಟ್ಟಿಲಿಳಿದರು. ಹಣ ಕೊಟ್ಟು ಪಡೆದ ಮನರಂಜನೆಯ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಟಿಕೆಟ್ಟಿಗೆ ಎರಡು ಪಂದ್ಯಗಳಷ್ಟು ಆಟ ಸಿಕ್ಕಿತು, ನಮ್ಮವರ ಓಟ ಮಾತ್ರ ಒಂದೂ ಸಿಗಲಿಲ್ಲ.

ಬರ ನೀಗಿದ ಮೇಲೆ ಮಾಲೀಕರು ಕೈ ಬಿಚ್ಚುತ್ತಾರೆಂದು ನಾವು ನಂಬಿದೆವು. 2023ರಲ್ಲಿ 88 ಪಂದ್ಯ ಗೆದ್ದು, ಒಂದೇ ಒಂದು ಗೆಲುವಿನ ಕೊರತೆಯಿಂದ ಪ್ಲೇಆಫ್ ತಪ್ಪಿತು. ಆ ಅಕ್ಟೋಬರಿನಲ್ಲಿ ತಂಡದ ಕಾರ್ಯಾಚರಣೆಯ ಮುಖ್ಯಸ್ಥ ಜೆರಿ ಡಿಪೋಟೊ ಪತ್ರಕರ್ತರ ಮುಂದೆ ಒಂದು ಗಣಿತ ಬಿಡಿಸಿಟ್ಟರು: ಹತ್ತು ವರ್ಷಗಳ ಸರಾಸರಿಯಲ್ಲಿ ಶೇ 54ರಷ್ಟು ಪಂದ್ಯ ಗೆಲ್ಲುತ್ತ ಹೋದರೆ ವರ್ಲ್ಡ್ ಸೀರೀಸ್ ತಾನಾಗಿ ಬರುತ್ತದೆ, ಆದ್ದರಿಂದ ಅಭಿಮಾನಿಗಳಿಂದ ತಾಳ್ಮೆ ಬೇಡುವ ಮೂಲಕ ತಾವು ಅವರಿಗೆ ಉಪಕಾರವನ್ನೇ ಮಾಡುತ್ತಿದ್ದೇವೆ ಎಂಬುದು ಅವರ ಮಾತಿನ ಸಾರಾಂಶ. ಊರಿಗೆ ಊರೇ ಕೆರಳಿತು. ಅವರು ಕ್ಷಮೆ ಕೇಳಿದರು. ನಾನು ಲೆಕ್ಕ ಹಾಕಿ ನೋಡಿದೆ. 162ರಲ್ಲಿ ಶೇ 54 ಎಂದರೆ 87 ಅಥವಾ 88. ಅಂದರೆ ಒಂದು ಗೆಲುವಿನ ಕೊರತೆಯಿಂದ ನಾವು ಮನೆಯಲ್ಲಿ ಉಳಿದಿದ್ದ ಆ ವರ್ಷವೇ ಅವರ ಯೋಜನೆ ಚಾಚೂ ತಪ್ಪದೆ ನಡೆದಿದ್ದ ವರ್ಷ. ಗಣಿತ ಸುಳ್ಳಲ್ಲ, ದೀರ್ಘಾವಧಿಯಲ್ಲಿ ಸ್ಥಿರವಾಗಿ ಚೆನ್ನಾಗಿರುವ ತಂಡ ಕಟ್ಟುವುದು ಜಾಣತನವೇ. ಆದರೆ ಉಂಡ ಊಟದ ಬೆಲೆ ತೆತ್ತು ಎದ್ದವನಿಗೆ, ಹತ್ತು ವರ್ಷದ ಸರಾಸರಿಯಲ್ಲಿ ನಮ್ಮ ಸಾರಿಗೆ ಉಪ್ಪು ಸರಿಯಾಗಿರುತ್ತದೆ ಎಂದು ಅಡುಗೆಯವನು ಹೇಳಿದರೆ ಹೇಗಿರುತ್ತದೋ, ಆ ಮಾತು ಹಾಗಿತ್ತು.

2024ರ ಬಗ್ಗೆ ಮೂರೇ ವಾಕ್ಯ. ಜೂನ್ ಮಧ್ಯದಲ್ಲಿ ಹತ್ತು ಪಂದ್ಯಗಳ ಮುನ್ನಡೆಯಲ್ಲಿದ್ದ ತಂಡ ಒಂದೇ ತಿಂಗಳಲ್ಲಿ ಅದನ್ನು ಪೂರ್ತಿ ಕಳೆದುಕೊಂಡಿತು, ಆಗಸ್ಟಿನಲ್ಲಿ ಮ್ಯಾನೇಜರ್ ಸ್ಕಾಟ್ ಸರ್ವೈಸ್ ಅವರನ್ನು ಕಳಿಸಿ ಹಳೆಯ ಕ್ಯಾಚರ್ ಡ್ಯಾನ್ ವಿಲ್ಸನ್ ಅವರನ್ನು ತಂದರು. ಪಿಚರ್‌ಗಳು ಲೀಗಿಗೇ ಮೇಲ್ಪಂಕ್ತಿಯಾಗಿದ್ದರು. ಅವರು ಉಳಿಸಿದ್ದನ್ನು ಬ್ಯಾಟರ್‌ಗಳು ಗಾಳಿಗೆ ಬೀಸಿ ಕಳೆದರು.

ಇನ್ನು 2025. ಆ ವರ್ಷದ ಬಗ್ಗೆ ಸಮಾಧಾನದಿಂದ ಬರೆಯಲು ನನಗೆ ಇನ್ನೂ ಬರುತ್ತಿಲ್ಲ. ಜುಲೈ ಕೊನೆಯಲ್ಲಿ ಆಡಳಿತ ಒಬ್ಬರಲ್ಲ, ಜಾಶ್ ನೇಲರ್ ಮತ್ತು ಯುಹೆನಿಯೊ ಸುವಾರೆಜ್ ಎಂಬ ಇಬ್ಬರು ಬ್ಯಾಟರ್‌ಗಳನ್ನು ಅರಿಜೋನಾದಿಂದ ತಂದಿತು. ಕ್ಯಾಲ್ ರಾಲಿ 60 ಹೋಂ ರನ್ ಹೊಡೆದ. ಕ್ಯಾಚರ್ ಒಬ್ಬ ಅಷ್ಟು ಹೊಡೆಯುವುದೆಂದರೆ, ದಿನವಿಡೀ ವಿಕೆಟ್ ಹಿಂದೆ ಕುಕ್ಕರಗಾಲಲ್ಲಿ ಕೂತವನು ಸರಣಿಯ ಅತ್ಯಧಿಕ ರನ್ನುಗಳನ್ನೂ ಗಳಿಸಿದಂತೆ. ಅದಕ್ಕೆ ಮುನ್ನ ಕ್ಯಾಚರುಗಳ ದಾಖಲೆ 48 ಇತ್ತು, ಎರಡೂ ಕೈಯಲ್ಲಿ ಬ್ಯಾಟ್ ಬೀಸುವವರ ಪೈಕಿ ಮಿಕಿ ಮ್ಯಾಂಟಲ್ 1961ರಲ್ಲಿ ಹೊಡೆದಿದ್ದ 54 ದಾಖಲೆಯಾಗಿತ್ತು, ನಮ್ಮ ತಂಡಕ್ಕೆ ಗ್ರಿಫಿಯವರ 56. ಸೆಪ್ಟೆಂಬರ್ 24ರಂದು ತವರಿನಲ್ಲಿ 59 ಮತ್ತು 60 ಎರಡನ್ನೂ ಹೊಡೆದ ರಾತ್ರಿಯೇ ತಂಡ 2001ರ ನಂತರ ಮೊದಲ ಬಾರಿಗೆ ತನ್ನ ವಿಭಾಗವನ್ನು ಗೆದ್ದಿತು.

ಅಕ್ಟೋಬರ್ 10ರ ಡೆಟ್ರಾಯ್ಟ್ ವಿರುದ್ಧದ ನಿರ್ಣಾಯಕ ಪಂದ್ಯದಲ್ಲಿ ನಾನಿದ್ದೆ. ಇಲ್ಲಿ ಆಟದ ನಡುವೆ ಸಾಲ್ಮನ್ ಮೀನಿನ ವೇಷ ತೊಟ್ಟ ನಾಲ್ವರ ಓಟದ ಸ್ಪರ್ಧೆ ಇರುತ್ತದೆ; ಅವುಗಳಲ್ಲಿ ಹಂಪಿ ಎಂಬ ಗೂನುಬೆನ್ನಿನ ಮೀನು ಸೀಸನ್ ಉದ್ದಕ್ಕೂ ಒಮ್ಮೆಯೂ ಗೆಲ್ಲದೆ, ಎಡವಿಯೋ ದಾರಿ ತಪ್ಪಿಯೋ ಸೋಲುತ್ತಲೇ ಬಂದಿತ್ತು. ಆ ರಾತ್ರಿ ಹಂಪಿ ಗೆದ್ದಿತು. ಐವತ್ತು ವರ್ಷ ದಾಟಿದವರು ಮೀನಿನ ವೇಷದವನೊಬ್ಬ ಗೆರೆ ದಾಟಿದ್ದಕ್ಕೆ ಕಣ್ಣೊರೆಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ, ನಗಲಿಲ್ಲ. ಎದುರಾಳಿ ಪಿಚರ್ ತಾರಿಕ್ ಸ್ಕೂಬಲ್ ಆರು ಇನ್ನಿಂಗ್ಸಿನಲ್ಲಿ ನಮ್ಮವರನ್ನು ಹದಿಮೂರು ಸಲ ಸ್ಟ್ರೈಕ್ ಔಟ್ ಮಾಡಿದ್ದ. ಆದರೂ 2-2 ಎಂದು ಎಳೆದು, ಹದಿನೈದನೆಯ ಇನ್ನಿಂಗ್ಸಿನಲ್ಲಿ ಹೋರ್ಹೆ ಪೊಲಾಂಕೊ ಹೊಡೆದ ಒಂದು ಸಿಂಗಲ್‌ಗೆ ಜೆ.ಪಿ. ಕ್ರಾಫರ್ಡ್ ಓಡಿ ಬಂದಾಗ, ಮೇಲಂತಸ್ತಿನ ಕಾಂಕ್ರೀಟು ಕಾಲಡಿಯಲ್ಲಿ ನಡುಗಿತು. ಸ್ಕೋರ್ ಬರೆಯುವ ವೃದ್ಧರು ಈ ಸಲ ಎರಡು ಪಟ್ಟಿ ತಂದಿದ್ದರು.

ಮುಂದಿನದು ಎಲ್ಲರಿಗೂ ಗೊತ್ತಿರುವುದೇ. ಗೆದ್ದವರನ್ನು ವರ್ಲ್ಡ್ ಸೀರೀಸಿಗೆ ಒಯ್ಯುವ ಏಳು ಪಂದ್ಯಗಳ ಸರಣಿಯಲ್ಲಿ, ಟೊರೊಂಟೊದಲ್ಲಿ ಮೊದಲೆರಡನ್ನು ಗೆದ್ದು ಬಂದ ತಂಡ ತವರಿನಲ್ಲಿ 13-4 ಮತ್ತು 8-2ರಲ್ಲಿ ಸೋತಿತು. ಈ ಎರಡು ಪಂದ್ಯಗಳ ಟಿಕೆಟ್ಟುಗಳು ನನ್ನ ಬಳಿ ಇದ್ದವು. ಐದನೆಯದರ ಟಿಕೆಟ್ಟನ್ನು, ಎರಡು ಸೋಲು ಕಂಡ ಬೇಸರದಲ್ಲಿ, ಮರುಮಾರಾಟದ ಆ್ಯಪ್ ಒಂದರಲ್ಲಿ ಮಾರಿಬಿಟ್ಟೆ. ಅಂದು ಎಂಟನೆಯ ಇನ್ನಿಂಗ್ಸಿನಲ್ಲಿ ರಾಲಿ ಸಮ ಮಾಡಿ, ಸುವಾರೆಜ್ ಬೇಸುಗಳು ತುಂಬಿದ್ದಾಗ ಹೋಂ ರನ್ ಹೊಡೆದು 6-2ರಲ್ಲಿ ಗೆಲ್ಲಿಸಿದ. ಪರಿಪೂರ್ಣ ಪಂದ್ಯದ ನಂತರವೂ ನನಗೆ ಬುದ್ಧಿ ಬಂದಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅಕ್ಟೋಬರ್ 20ರ ಏಳನೆಯ ಪಂದ್ಯವನ್ನು ಮನೆಯಲ್ಲಿ ಟಿವಿಯಲ್ಲಿ ನೋಡಿದೆ. ಏಳನೆಯ ಇನ್ನಿಂಗ್ಸ್, 3-1ರ ಮುನ್ನಡೆ, ಎದುರಾಳಿಯ ಇಬ್ಬರು ಬೇಸಿನಲ್ಲಿ, ಒಂದು ಔಟ್. ವರ್ಲ್ಡ್ ಸೀರೀಸಿಗೂ ನಮಗೂ ನಡುವೆ ಎಂಟು ಔಟುಗಳ ದೂರ. ವಿಲ್ಸನ್ ಕರೆದದ್ದು ಎಡ್ವರ್ಡ್ ಬಜಾರ್ಡೊ ಅವರನ್ನು. ತಂಡದ ಅತ್ಯುತ್ತಮ ಕೊನೆಗಾರ ಆಂಡ್ರೆಸ್ ಮುನ್ಯೋಸ್ ಮುಂದಿನ ಇನ್ನಿಂಗ್ಸುಗಳಿಗೆಂದು ಕಾದಿದ್ದರು. ಜಾರ್ಜ್ ಸ್ಪ್ರಿಂಗರ್ ಹೊಡೆದ ಚೆಂಡು ಎಡ ಮೈದಾನದ ಆಚೆಗೆ ಹೋಯಿತು. 4-3. ಸೀಸನ್ ಉದ್ದಕ್ಕೂ ನಂಬಿ ಬಳಸಿದ ಬೌಲರ್‌ನನ್ನೇ ಮ್ಯಾನೇಜರ್ ನಂಬಿದರು ಎಂಬ ಸಮರ್ಥನೆ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ಅತಿ ದೊಡ್ಡ ಬೆಂಕಿ ಏಳನೆಯ ಇನ್ನಿಂಗ್ಸಿನಲ್ಲೇ ಹೊತ್ತಿದ್ದಾಗ ನೀರನ್ನು ಒಂಬತ್ತಕ್ಕೆಂದು ತೆಗೆದಿಡುವುದು ನನ್ನ ತಿಳಿವಳಿಕೆಗೆ ಇಂದಿಗೂ ನಿಲುಕಿಲ್ಲ.

ಒಂದನ್ನು ಮಾತ್ರ ಒಪ್ಪಿಕೊಳ್ಳಬೇಕು. ಬೇಕಾದ ಬ್ಯಾಟರ್‌ಗಳನ್ನು ಜುಲೈನಲ್ಲಿ ತಂದ ವರ್ಷವೇ ಎಂಟು ಔಟುಗಳಷ್ಟು ಹತ್ತಿರ ಹೋದೆವು. ಇಪ್ಪತ್ತು ವರ್ಷ ಮೇಲಂತಸ್ತಿನ ಜನ ಕೂಗಿ ಹೇಳುತ್ತಿದ್ದದ್ದು ಇಷ್ಟೇ ಆಗಿತ್ತು.

ಕೊಳ್ಳುವವರಿಗೆ ಕೆಲವು ವ್ಯಾವಹಾರಿಕ ಮಾತುಗಳು. ಮರುಮಾರಾಟದ ಆ್ಯಪ್‌ಗಳಲ್ಲಿ 2025ರ ಮೇ ತಿಂಗಳವರೆಗೆ ಮೊದಲು ಕಾಣುವ ಬೆಲೆಯನ್ನು ನಂಬುವಂತಿರಲಿಲ್ಲ. ನಾನು ಬಳಸಿದ ಒಂದರಲ್ಲಿ ಶುಲ್ಕಗಳು ಕೊನೆಯ ಪುಟದಲ್ಲಿ ಒಂದರ ಹಿಂದೊಂದು ಇಳಿದು, ಮಾರುವಾಗ ಮತ್ತೊಮ್ಮೆ ಕತ್ತರಿ ಬಿತ್ತು. ಮಂಗಳವಾರ, ಬುಧವಾರಗಳ ಪಂದ್ಯಕ್ಕೆ ಜನ ಕಡಿಮೆ, ಆಟ ಅಷ್ಟೇ. 2023ರಲ್ಲಿ ಪಿಚರ್‌ಗೆ ಪ್ರತಿ ಎಸೆತಕ್ಕೂ ಸಮಯದ ಮಿತಿ ಹಾಕಿ ಗಡಿಯಾರ ಕಟ್ಟಿದ ಮೇಲೆ ಮೂರು ಗಂಟೆ ಮೀರುತ್ತಿದ್ದ ಪಂದ್ಯಗಳು ಸರಾಸರಿ ಎರಡೂ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತವೆ, ಮಕ್ಕಳನ್ನು ಕರೆತರುವವರಿಗೆ ಇದು ಅನುಕೂಲ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಛಾವಣಿ ಮುಚ್ಚಿರುತ್ತದೆಂದು ಕೋಟು ಬಿಟ್ಟು ಬರಬೇಡಿ. ಮೊದಲ ಸಲ ಬರುವವರು ಅಗ್ಗದ ಮೇಲಂತಸ್ತನ್ನೇ ಕೊಂಡು, ಮೊದಲ ಬೇಸಿನ ಬದಿಯಲ್ಲಿ ಉತ್ತರಕ್ಕೆ ಮುಖ ಮಾಡಿ ಕೂರಿ. ಆಟ ಅರ್ಥವಾಗದಿದ್ದರೂ ಸಂಜೆ ವ್ಯರ್ಥವಾಗುವುದಿಲ್ಲ.

ಕೊನೆಯದಾಗಿ, ಸೀಸನ್ ಟಿಕೆಟ್ ಉಳ್ಳವರಿಗೆ ಪ್ಲೇಆಫ್ ಟಿಕೆಟ್ಟುಗಳನ್ನು ಮುಂಗಡವಾಗಿ ಕೊಳ್ಳುವ ಅವಕಾಶವಿರುತ್ತದೆ. ವರ್ಲ್ಡ್ ಸೀರೀಸಿನ ತವರು ಪಂದ್ಯದ ಟಿಕೆಟ್ಟಿಗೂ ಆಗಲೇ ಹಣ ಕಟ್ಟಬೇಕು, ಪಂದ್ಯ ನಡೆಯದಿದ್ದರೆ ಅದು ಹಿಂತಿರುಗುತ್ತದೆ. ನನ್ನ ಫೋನಿನಲ್ಲಿ ಆ ಟಿಕೆಟ್ ಕೆಲವು ದಿನ ಇತ್ತು, ದಿನಾಂಕ, ಸಾಲು, ಆಸನದ ಸಂಖ್ಯೆ ಎಲ್ಲ ಸಹಿತ. ಏಳನೆಯ ಪಂದ್ಯ ಮುಗಿದ ಮೇಲೆ ಅದು ಅಲ್ಲಿಂದ ಮಾಯವಾಯಿತು, ಮತ್ತು ಹಣವನ್ನು ಬ್ಯಾಂಕಿಗೆ ಮರಳಿಸಬೇಕೋ ಮುಂದಿನ ಸೀಸನ್ನಿನ ಲೆಕ್ಕಕ್ಕೆ ಜಮಾ ಮಾಡಬೇಕೋ ಎಂದು ಕೇಳುವ ವಿನಯಪೂರ್ವಕ ಪತ್ರವೊಂದು ಬಂತು. ಇಷ್ಟು ಚುರುಕಾದ, ಒಂದು ಸೆಂಟೂ ಕಡಿತವಿಲ್ಲದ ಸೇವೆ ಈ ಮೈದಾನದಲ್ಲಿ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ನಾನು ಎರಡನೆಯ ಚೌಕವನ್ನು ಒತ್ತಿದೆ.